ಪ್ರಶಸ್ತಿ ಬಂತು, ಕೆಲಸ ಹೋಯಿತು: ಐಸ್ ಹಾಕಿ ತರಬೇತುದಾರ ಟೆಡ್ ನೋಲನ್

1997ರ ಬೇಸಗೆಯಲ್ಲಿ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್ ತನ್ನ ವಾರ್ಷಿಕ ಪ್ರಶಸ್ತಿಗಳನ್ನು ಪ್ರಕಟಿಸಿತು. ವರ್ಷದ ಶ್ರೇಷ್ಠ ತರಬೇತುದಾರನಿಗೆ ಸಲ್ಲುವ ಜ್ಯಾಕ್ ಆಡಮ್ಸ್ ಪ್ರಶಸ್ತಿ ಬಫಲೋ ಸೇಬರ್ಸ್ ತಂಡದ ಟೆಡ್ ನೋಲನ್ ಅವರ ಪಾಲಾಯಿತು. ಆಗ ಅವರಿಗೆ 39 ವರ್ಷ. ಅದೇ ಬೇಸಗೆ ಮುಗಿಯುವುದರೊಳಗೆ ಅವರು ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದರು. ಆ ಲೀಗಿನ ಇನ್ನೊಂದು ತಂಡ ಅವರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿಕೊಂಡದ್ದು 2006ರಲ್ಲಿ. ನಡುವಿನ ಒಂಬತ್ತು ವರ್ಷಗಳಿಗೆ ಯಾರೂ ಬರೆದುಕೊಟ್ಟ ಕಾರಣವಿಲ್ಲ. ಆರೋಪಪಟ್ಟಿ ಇರಲಿಲ್ಲ, ವಿಚಾರಣೆ ನಡೆಯಲಿಲ್ಲ, ತೀರ್ಪನ್ನು ಯಾರೂ ಓದಿ ಹೇಳಲಿಲ್ಲ. ಆದರೆ ಶಿಕ್ಷೆ ಮಾತ್ರ ಜಾರಿಯಾಗಿತ್ತು.

ಕೆನಡಾದ ಮೂಲನಿವಾಸಿ ಜನಾಂಗಗಳಲ್ಲೊಂದಾದ ಓಜಿಬ್ವೆ ಸಮುದಾಯಕ್ಕೆ ಸೇರಿದ ಈ ಮನುಷ್ಯನ ಜೀವನವನ್ನು ಅರಿಯಬೇಕಾದರೆ ಮೊದಲು ಅವರು ಆಡಿದ ಆಟವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಹಾಕಿ ಎಂದರೆ ನಮ್ಮ ಕಣ್ಣಮುಂದೆ ಬರುವುದು ಹುಲ್ಲಿನ ಮೈದಾನ, ಬಿಳಿಯ ಚೆಂಡು, ಕೊಡಗಿನ ಕೌಟುಂಬಿಕ ಪಂದ್ಯಾವಳಿಗಳು. ಕೆನಡಾದಲ್ಲಿ ಬರಿಯ ಹಾಕಿ ಎಂದರೆ ಅದು ಮಂಜುಗಡ್ಡೆಯ ಮೇಲಿನ ಆಟ. ಅಂಕಣ 200 ಅಡಿ ಉದ್ದ, 85 ಅಡಿ ಅಗಲ, ಸುತ್ತಲೂ ಗೋಡೆ. ಚೆಂಡಿನ ಬದಲು 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ; ಮೂರು ಅಂಗುಲ ವ್ಯಾಸ, ಒಂದು ಅಂಗುಲ ದಪ್ಪ. ಒಂದೊಂದು ತಂಡದಿಂದ ಗೋಲ್‌ಕೀಪರ್ ಸೇರಿ ಆರು ಮಂದಿ ಕಣದಲ್ಲಿರುತ್ತಾರೆ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಸ್ಕೇಟ್ ಕಟ್ಟಿಕೊಂಡು ಬಾಣದಂತೆ ಓಡುವ ಆಟಗಾರನಿಗೆ ಮುಕ್ಕಾಲು ನಿಮಿಷದೊಳಗೆ ಉಸಿರು ಕಟ್ಟುತ್ತದೆ. ಆದುದರಿಂದ ಆಟ ನಡೆಯುತ್ತಿರುವಂತೆಯೇ ಒಂದು ಗುಂಪು ಬೆಂಚಿಗೆ ಮರಳುತ್ತದೆ, ಇನ್ನೊಂದು ಗುಂಪು ಗೋಡೆ ಹಾರಿ ಇಳಿಯುತ್ತದೆ. ಯಾರನ್ನು ಯಾವಾಗ ಇಳಿಸಬೇಕು, ಈಗಷ್ಟೇ ತಪ್ಪು ಮಾಡಿ ಬಂದವನಿಗೆ ಇನ್ನೊಂದು ಅವಕಾಶ ಕೊಡಬೇಕೇ ಬೇಡವೇ ಎಂಬುದನ್ನು ಬೆಂಚಿನ ಹಿಂದೆ ನಿಂತ ತರಬೇತುದಾರ ಪ್ರತಿ ನಿಮಿಷವೂ ನಿರ್ಧರಿಸುತ್ತಿರುತ್ತಾನೆ. ಕ್ರಿಕೆಟ್ಟಿನ ತರಬೇತುದಾರನಂತೆ ಡ್ರೆಸ್ಸಿಂಗ್ ಕೋಣೆಯಲ್ಲಿ ಕುಳಿತು ನೋಡುವ ಸೌಕರ್ಯ ಆತನಿಗಿಲ್ಲ.

ಟೆಡ್ ನೋಲನ್ ಹುಟ್ಟಿದ್ದು 1958ರಲ್ಲಿ. ಒಂಟಾರಿಯೋ ಪ್ರಾಂತ್ಯದ ಸೂ ಸೇಂಟ್ ಮೇರಿ ಪಟ್ಟಣದ ಮಗ್ಗುಲಲ್ಲಿರುವ ಗಾರ್ಡನ್ ರಿವರ್ ಅವರ ಊರು. ಅದು ಓಜಿಬ್ವೆ ಜನರಿಗೆಂದು ಕಾದಿರಿಸಿದ ಭೂಮಿ. ಅಲ್ಲಿನ ರೈಲು ಸೇತುವೆಯೊಂದರ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಇದು ಇಂಡಿಯನ್ ನೆಲ' ಎಂದು ಬರೆದಿರುವುದನ್ನು ಹೆದ್ದಾರಿಯಲ್ಲಿ ಹೋಗುವವರು ಕಾಣುತ್ತಾರೆ. ಭಾರತೀಯ ಓದುಗರಿಗೆ ಇದು ವಿಚಿತ್ರವೆನಿಸೀತು. ಕೊಲಂಬಸನ ಕಾಲದ ತಪ್ಪೊಂದು ಕೆನಡಾದ ಶಾಸನ ಪುಸ್ತಕದಲ್ಲಿ ಇಂದಿಗೂ ಉಳಿದಿದೆ. ಮೂಲನಿವಾಸಿಗಳ ಬದುಕನ್ನು ಆಳುವ 1876ರ ಕಾನೂನಿನ ಹೆಸರೇ 'ಇಂಡಿಯನ್ ಆಕ್ಟ್'. ಆ ಪ್ರದೇಶದ ಜನರು 1850ರಲ್ಲಿ ಬ್ರಿಟಿಷ್ ದೊರೆತನದೊಡನೆ ಮಾಡಿಕೊಂಡ ರಾಬಿನ್ಸನ್ ಹ್ಯೂರನ್ ಒಪ್ಪಂದದಂತೆ, ನೆಲದ ಸಂಪತ್ತಿಗೆ ಪ್ರತಿಯಾಗಿ ವರ್ಷಾಶನ ಸಿಗಬೇಕಿತ್ತು. ಆದಾಯ ಹೆಚ್ಚಿದಂತೆ ಅದೂ ಹೆಚ್ಚಬೇಕಿತ್ತು. 1875ರಲ್ಲಿ ಅದು ತಲೆಗೆ ನಾಲ್ಕು ಡಾಲರಿಗೆ ನಿಂತಿತು. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಕಾಲ ಕಾಡು ಕಡಿದವರೂ ಗಣಿ ತೋಡಿದವರೂ ಸಿರಿವಂತರಾದರು; ವರ್ಷಾಶನ ಮಾತ್ರ ನಾಲ್ಕೇ ಡಾಲರು. ಹಿಂದಿನ ಬಾಕಿಗೆಂದು ಸಾವಿರ ಕೋಟಿ ಡಾಲರುಗಳ ರಾಜಿಗೆ ಸರಕಾರಗಳು ಒಪ್ಪಿದ್ದು 2023ರಲ್ಲಿ.

ನೋಲನ್ ಅವರ ಬಾಲ್ಯ ಆ ನಾಲ್ಕು ಡಾಲರುಗಳ ಕಾಲದ್ದು. ಮನೆಯಲ್ಲಿ ಹನ್ನೆರಡು ಮಕ್ಕಳು. ವಿದ್ಯುತ್ತಿರಲಿಲ್ಲ, ನಲ್ಲಿ ನೀರಿರಲಿಲ್ಲ. ಹಿತ್ತಿಲಲ್ಲಿ ಆಟದ ಅಂಕಣ ಬೇಕೆಂದರೆ ಕೈಪಂಪಿನಿಂದ ಬಾಲ್ದಿಗಟ್ಟಲೆ ನೀರು ಹೊತ್ತು ತಂದು ನೆಲದ ಮೇಲೆ ಚೆಲ್ಲಿ, ಅದು ಹೆಪ್ಪುಗಟ್ಟುವ ತನಕ ಕಾಯಬೇಕಿತ್ತು. ಒಂದು ಪದರ ಗಟ್ಟಿಯಾದ ಮೇಲೆ ಮತ್ತೊಂದು ಪದರ. ಕಾಲಿಗೆ ಕಟ್ಟಿಕೊಂಡದ್ದು ಬೇರೆಯವರು ಬಳಸಿ ಬಿಟ್ಟ ಸ್ಕೇಟುಗಳು. ಹಣವಂತರ ಮಕ್ಕಳು ಯಂತ್ರದಿಂದ ತಣಿಸಿದ ಒಳಾಂಗಣದಲ್ಲಿ ಆಡಿದ ಆಟವನ್ನೇ ಈ ಹುಡುಗ ತಾನೇ ನೀರು ಹೊತ್ತು ಮಾಡಿದ ನೆಲದ ಮೇಲೆ ಕಲಿತ.

ಆ ಊರಿನ ಇನ್ನೊಂದು ಸಂಗತಿ ಶಾಲೆಗೆ ಸಂಬಂಧಿಸಿದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾರ್ಡನ್ ರಿವರಿನ ಮುಖಂಡರಾಗಿದ್ದ ಶಿಂಗ್ವಾಕ್ ಎಂಬವರು, ತಮ್ಮ ಮಕ್ಕಳು ತಮ್ಮತನವನ್ನು ಬಿಡದೆಯೇ ಬಿಳಿಯರ ವಿದ್ಯೆಯನ್ನೂ ಕಲಿಯುವಂತಹ ಶಾಲೆಯೊಂದು ಬೇಕೆಂದು ಕನಸು ಕಂಡಿದ್ದರು. ಅವರ ಹೆಸರಿನಲ್ಲಿ ಸೂ ಸೇಂಟ್ ಮೇರಿಯಲ್ಲಿ ಶಾಲೆಯೇನೋ ಎದ್ದಿತು. ಆದರೆ ಅದು ಕೆನಡಾದಾದ್ಯಂತ ಹರಡಿದ್ದ ವಸತಿ ಶಾಲೆಗಳ ಸಾಲಿಗೆ ಸೇರಿತು. ಆ ವ್ಯವಸ್ಥೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಮನೆಯಿಂದ ಬೇರ್ಪಟ್ಟರು. ತಾಯ್ನುಡಿ ಆಡಿದ್ದಕ್ಕೆ ಪೆಟ್ಟು ತಿಂದರು. ಶಿಂಗ್ವಾಕ್ ಶಾಲೆ ಮುಚ್ಚಿದ್ದು 1970ರಲ್ಲಿ. ಆಗ ನೋಲನ್ 12ರ ಹುಡುಗ. ಹೀಗೆ ನುಡಿಯನ್ನೂ ಹೆಸರನ್ನೂ ಕಳಚಿ ಹಾಕಿದರೆ ಮಾತ್ರ ಹೊರಗಿನ ಲೋಕದಲ್ಲಿ ಬಾಳಬಹುದೆಂದು ಒಂದು ಜನಾಂಗಕ್ಕೆ ತಲೆಮಾರುಗಳ ಕಾಲ ಹೇಳಿಕೊಡಲಾಗಿತ್ತು. ಅವರ ತಾಯಿ ರೋಸ್ ಮಾತ್ರ ಹಿರಿಯರ ಆಚಾರ, ಕುಣಿತ, ನಂಬಿಕೆಗಳನ್ನು ಮನೆಯೊಳಗೆ ಬಿಡದೆ ಉಳಿಸಿಕೊಂಡವರು.

ಹದಿನಾರರ ಪ್ರಾಯದಲ್ಲಿ ನೋಲನ್ ಮನೆ ಬಿಟ್ಟರು. ಪ್ರಾಂತ್ಯದ ಇನ್ನೊಂದು ತುದಿಯ ಕೆನೋರಾ ಪಟ್ಟಣದ ಕಿರಿಯರ ತಂಡ ಅವರನ್ನು ಆರಿಸಿಕೊಂಡಿತ್ತು. ದಾರಿ ಸಾವಿರ ಕಿಲೋಮೀಟರಿಗೂ ಮಿಕ್ಕಿ. ಅಲ್ಲಿ ಕಳೆದ ದಿನಗಳನ್ನು ಅವರು ಅನೇಕ ಸಂದರ್ಶನಗಳಲ್ಲಿಯೂ 2023ರಲ್ಲಿ ಪ್ರಕಟವಾದ 'ಲೈಫ್ ಇನ್ ಟೂ ವರ್ಲ್ಡ್ಸ್' ಎಂಬ ಆತ್ಮಕಥೆಯಲ್ಲಿಯೂ ನೆನೆದಿದ್ದಾರೆ. ಎದುರಾಳಿಗಳ ನಿಂದನೆ ಸಹಿಸಬಹುದಿತ್ತು. ತನ್ನದೇ ತಂಡದ ಹುಡುಗರು ಜನಾಂಗದ ಹೆಸರೆತ್ತಿ ಹೀಯಾಳಿಸಿ ಕೈ ಮಾಡಿದ್ದು ಆಳಕ್ಕೆ ಇಳಿಯಿತು. ಅಭ್ಯಾಸಕ್ಕೆ ಹೋದರೂ ಹೊಡೆದಾಟ, ಶಾಲೆಗೆ ಹೋದರೂ ಹೊಡೆದಾಟ. ಬಿಟ್ಟು ಬಂದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಆ ಋತುವನ್ನು ಪೂರೈಸಿಯೇ ಮರಳಿದರು.

ಮುಂದಿನ ಎರಡು ವರ್ಷ ಮನೆಯ ಹತ್ತಿರವೇ, ಸೂ ಸೇಂಟ್ ಮೇರಿ ಗ್ರೇಹೌಂಡ್ಸ್ ತಂಡದಲ್ಲಿ ಆಡುವ ಅವಕಾಶ ಒದಗಿತು. 1977-78ರ ಋತುವಿನಲ್ಲಿ ಅದೇ ತಂಡಕ್ಕೆ ಹದಿನಾರು ವರ್ಷದ ತೆಳ್ಳಗಿನ ಹುಡುಗನೊಬ್ಬ ಬಂದು ಸೇರಿದ. ಆತನೇ ವೇಯ್ನ್ ಗ್ರೆಟ್ಸ್‌ಕಿ. ಮುಂದೆ ಈ ಆಟದ ಸಾರ್ವಕಾಲಿಕ ಶ್ರೇಷ್ಠನೆನಿಸಿದವನು. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನಿಗೆ ಆಟ ದೇವರು ಕೊಟ್ಟ ವರದಂತಿತ್ತು. ಇನ್ನೊಬ್ಬ ಬೆವರು ಸುರಿಸಿ ಅದನ್ನು ದಕ್ಕಿಸಿಕೊಳ್ಳಬೇಕಿತ್ತು. 1978ರ ಆಯ್ಕೆಯಲ್ಲಿ ಡೆಟ್ರಾಯ್ಟ್ ರೆಡ್ ವಿಂಗ್ಸ್ ತಂಡ ನೋಲನ್ ಅವರನ್ನು 78ನೆಯವರನ್ನಾಗಿ ಕರೆಯಿತು. ಡೆಟ್ರಾಯ್ಟ್ ಮತ್ತು ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡಗಳೆರಡರಲ್ಲೂ ಸೇರಿ ಅವರು ಉನ್ನತ ಲೀಗಿನಲ್ಲಿ ಆಡಿದ ಪಂದ್ಯಗಳ ಸಂಖ್ಯೆಯೂ, ಕಾಕತಾಳೀಯವಾಗಿ, 78. ಹೊಡೆದ ಗೋಲು ಆರು, ಒದಗಿಸಿದ ನೆರವು ಹದಿನಾರು. ಉಳಿದ ಕಾಲವೆಲ್ಲ ಕೆಳಗಿನ ಹಂತದ ಅಮೆರಿಕನ್ ಲೀಗಿನಲ್ಲಿ ಕಳೆಯಿತು. ಅಲ್ಲಿ 1981ರಲ್ಲಿ ಆಡಿರಾಂಡಾಕ್ ತಂಡದೊಡನೆ ಕಾಲ್ಡರ್ ಕಪ್ ಗೆದ್ದರು. ಅದೇ ವರ್ಷ ಕುಡಿದು ವಾಹನ ಚಲಾಯಿಸುತ್ತಿದ್ದವನೊಬ್ಬನಿಂದಾದ ಅಪಘಾತದಲ್ಲಿ ತಾಯಿ ರೋಸ್ ತೀರಿಕೊಂಡರು. ಬೆನ್ನಿನ ಗಾಯ 1986ರ ಸುಮಾರಿಗೆ ಆಟಗಾರನ ಜೀವನಕ್ಕೂ ತೆರೆಯೆಳೆಯಿತು. ಆಗಿನ್ನೂ ಮೂವತ್ತು ತುಂಬಿರಲಿಲ್ಲ.

ತರಬೇತುದಾರನಾಗಬೇಕೆಂಬ ಹಂಬಲವೇನೂ ಅವರಿಗಿರಲಿಲ್ಲ. ಹಳೆಯ ಗ್ರೇಹೌಂಡ್ಸ್ ತಂಡವೇ ಸಹಾಯಕನಾಗಿ ಬರುವಂತೆ ಕರೆಯಿತು. 1988-89ರ ಋತುವಿನ ನಡುವೆ ಮುಖ್ಯಸ್ಥನ ಸ್ಥಾನ ತೆರವಾದಾಗ ಹೊಣೆ ಅವರ ಹೆಗಲಿಗೆ ಬಿತ್ತು. ಮೊದಲೆರಡು ಋತುಗಳು ಸೋಲಿನ ಮೇಲೆ ಸೋಲು. ಅದರ ನಡುವೆ ಇನ್ನೊಂದು ಅವಮಾನ. ದೇಶದಲ್ಲಿಯೇ ಅತ್ಯಂತ ಪ್ರತಿಭಾವಂತನೆನಿಸಿದ್ದ ಎರಿಕ್ ಲಿಂಡ್ರೋಸ್ ಎಂಬ ಹುಡುಗನನ್ನು 1989ರಲ್ಲಿ ತಂಡ ಆರಿಸಿಕೊಂಡಿತು. ದೂರದ ಆ ಊರಿಗೆ ಬರಲೊಲ್ಲೆನೆಂದು ಆತ ನಿರಾಕರಿಸಿದ. ಬೇರೆ ದಾರಿ ಕಾಣದೆ ಆತನ ಹಕ್ಕನ್ನು ಓಶವಾ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಕೆಲವು ಆಟಗಾರರನ್ನೂ ಮುಂದಿನ ಆಯ್ಕೆಯ ಹಕ್ಕುಗಳನ್ನೂ ಹಣವನ್ನೂ ಪಡೆಯಲಾಯಿತು. 1991ರಲ್ಲಿ ಒಂಟಾರಿಯೋ ಲೀಗಿನ ಅಂತಿಮ ಸರಣಿಯಲ್ಲಿ ನೋಲನ್ ಅವರ ಹುಡುಗರು ಎದುರಿಸಿದ್ದು ಅದೇ ಲಿಂಡ್ರೋಸನ ಓಶವಾವನ್ನು. ಆರು ಪಂದ್ಯಗಳಲ್ಲಿ ಗ್ರೇಹೌಂಡ್ಸ್ ಗೆದ್ದಿತು. ತಾನು ಕಾಲಿಡಲೊಲ್ಲದ ಊರಿನ ತಂಡದ ಕೈಯಲ್ಲಿ ಸೋಲುವುದು ಹೇಗಿರುತ್ತದೆಂದು ಆ ಹುಡುಗ ಅಂದು ಕಂಡಿರಬೇಕು.

ಕಿರಿಯರ ಐಸ್ ಹಾಕಿಯ ವ್ಯವಸ್ಥೆಯೇ ಬೇರೆ. ಆಟಗಾರರು ಹದಿನಾರರಿಂದ ಇಪ್ಪತ್ತರ ಪ್ರಾಯದವರು. ತಾಯಿತಂದೆಯರನ್ನು ಬಿಟ್ಟು ದೂರದ ಊರಿಗೆ ಬಂದು, ಗುರುತಿಲ್ಲದ ಮನೆಯವರ ಆಶ್ರಯದಲ್ಲಿದ್ದು ಶಾಲೆಗೂ ಹೋಗಿ ಆಟವನ್ನೂ ಆಡುವವರು. ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ. ಸೋತು ಬಂದ ರಾತ್ರಿ ಮಾತಾಡಿಸುವವರಿಲ್ಲ. ಕೆನೋರಾದಲ್ಲಿ ಒಂಟಿಯಾಗಿದ್ದ ಹದಿನಾರರ ಹುಡುಗನನ್ನು ಮರೆಯದ ತರಬೇತುದಾರನಿಗೆ ಇವರ ಮನಸ್ಸು ಪುಸ್ತಕದಂತೆ ತೆರೆದಿತ್ತು. ಆಟದ ತಂತ್ರದಲ್ಲಿ ನೋಲನ್ ಅಷ್ಟೇನೂ ಆಳವಿಲ್ಲದವರು, ಬರೇ ಹುರಿದುಂಬಿಸುವವರು ಎಂದು ಟೀಕಾಕಾರರು ಮುಂದೆ ಹೇಳುತ್ತಾ ಬಂದರು. ಆ ಟೀಕೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹಲಗೆಯ ಮೇಲೆ ಗೆರೆ ಎಳೆದು ತೋರಿಸಬಲ್ಲವರು ಬಹಳ ಮಂದಿಯಿದ್ದಾರೆ. ತನ್ನ ಯೋಗ್ಯತೆಯ ಮೇಲೆ ತನಗೇ ನಂಬಿಕೆಯಿಲ್ಲದ ನಾಲ್ಕನೆಯ ಸಾಲಿನ ಆಟಗಾರನಿಂದ ನೂರಕ್ಕೆ ನೂರು ಪಡೆಯುವವರು ಕಡಿಮೆ. ಸ್ವತಃ 78 ಪಂದ್ಯಗಳಷ್ಟೇ ಆಡಿದವನಿಗೆ ಬೆಂಚಿನ ತುದಿಯಲ್ಲಿ ಕೂತವನ ಕಷ್ಟ ಹೇಳಿಕೊಡಬೇಕಾಗಿರಲಿಲ್ಲ.

ಕೆನಡಾದ ಕಿರಿಯರ ರಾಷ್ಟ್ರೀಯ ಗೌರವವಾದ ಮೆಮೋರಿಯಲ್ ಕಪ್ ಪಂದ್ಯಾವಳಿಗೆ ಗ್ರೇಹೌಂಡ್ಸ್ ಸತತ ಮೂರು ವರ್ಷ ಅರ್ಹತೆ ಗಳಿಸಿತು. 1991ರಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 1992ರ ಅಂತಿಮ ಪಂದ್ಯದಲ್ಲಿ ಕಾಮ್ಲೂಪ್ಸ್ ತಂಡ ಕೊನೆಯ ಕೆಲವೇ ಸೆಕೆಂಡುಗಳಿರುವಾಗ ಗೋಲು ಹೊಡೆದು 5-4ರಿಂದ ಕಪ್ಪನ್ನು ಕಸಿದುಕೊಂಡಿತು. 1993ರಲ್ಲಿ ಪಂದ್ಯಾವಳಿ ಸೂ ಸೇಂಟ್ ಮೇರಿಯಲ್ಲಿಯೇ ನಡೆಯಿತು. ಪ್ರಾಂತೀಯ ಲೀಗಿನಲ್ಲಿ ತಮ್ಮನ್ನು ಸೋಲಿಸಿದ್ದ ಪೀಟರ್‌ಬರೋ ತಂಡವನ್ನೇ ಅಂತಿಮ ಪಂದ್ಯದಲ್ಲಿ 4-2ರಿಂದ ಸೋಲಿಸಿ, ಗಾರ್ಡನ್ ರಿವರಿನ ಹುಡುಗ ತನ್ನ ಊರವರ ಕಣ್ಣೆದುರಿಗೇ ಕಪ್ ಎತ್ತಿದ.

ಹಾರ್ಟ್‌ಫರ್ಡ್ ತಂಡದಲ್ಲಿ ಒಂದು ವರ್ಷ ಸಹಾಯಕನಾಗಿದ್ದು, 1995ರಲ್ಲಿ ನೋಲನ್ ಬಫಲೋ ಸೇಬರ್ಸ್ ತಂಡದ ಮುಖ್ಯ ತರಬೇತುದಾರರಾದರು. ಓಜಿಬ್ವೆ ತಾಯಿಯ ಮಗನಾದ ಜಾರ್ಜ್ ಆರ್ಮ್‌ಸ್ಟ್ರಾಂಗ್ ಟೊರಾಂಟೋ ತಂಡವನ್ನು ನಾಯಕನಾಗಿಯೂ ಕೊಂಚ ಕಾಲ ತರಬೇತುದಾರನಾಗಿಯೂ ನಡೆಸಿದ್ದನ್ನು ಬಿಟ್ಟರೆ, ಮೂಲನಿವಾಸಿಯೊಬ್ಬ ಆ ಸ್ಥಾನಕ್ಕೇರುವುದು ಅಪರೂಪದಲ್ಲಿ ಅಪರೂಪ. ಸೇಬರ್ಸ್‌ನಲ್ಲಿ ದೊಡ್ಡ ಹೆಸರಿನವರು ಹೆಚ್ಚಿರಲಿಲ್ಲ. ಮೊದಲ ವರ್ಷ ಮುಂದಿನ ಸುತ್ತಿಗೂ ಹೋಗಲಾಗಲಿಲ್ಲ. ಎರಡನೆಯ ವರ್ಷ, ಅಂದರೆ 1996-97ರಲ್ಲಿ, 40 ಪಂದ್ಯಗಳನ್ನು ಗೆದ್ದು ತನ್ನ ವಿಭಾಗದಲ್ಲಿ ಅಗ್ರಸ್ಥಾನಕ್ಕೇರಿತು. ಹಾಕಿಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವ ತಂಡ ಎಂಬ ಬಿರುದು ಆ ತಂಡಕ್ಕೆ ಅಂಟಿಕೊಂಡಿತು. ಉಕ್ಕಿನ ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಬಫಲೋದಂತಹ ಊರಿಗೆ ಅದಕ್ಕಿಂತ ಪ್ರಿಯವಾದ ಬಿರುದು ಬೇರೆಯಿರಲಿಲ್ಲ.

ಒಳಗೆ ಮಾತ್ರ ಬಿರುಕು. ತಂಡದ ವ್ಯವಹಾರ ನೋಡಿಕೊಳ್ಳುವ ಜನರಲ್ ಮ್ಯಾನೇಜರ್ ಜಾನ್ ಮಕ್ಲರ್ ಅವರಿಗೂ ನೋಲನ್ ಅವರಿಗೂ ಸರಿಹೋಗುತ್ತಿರಲಿಲ್ಲ. ಅದು ಬಹಿರಂಗ ರಹಸ್ಯ. ತಂಡದ ಬೆನ್ನೆಲುಬಾಗಿದ್ದ ಜೆಕ್ ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್ ಅವರಿಗೂ ತರಬೇತುದಾರನ ಮೇಲೆ ಗೌರವವಿರಲಿಲ್ಲ. ಆ ವರ್ಷ ಲೀಗಿನ ಅತ್ಯಮೂಲ್ಯ ಆಟಗಾರನೆಂದು ಹಾರ್ಟ್ ಟ್ರೋಫಿ ಪಡೆದ ಹಾಶೆಕ್, 1962ರ ಬಳಿಕ ಆ ಗೌರವ ಪಡೆದ ಮೊದಲ ಗೋಲ್‌ಕೀಪರ್. ಅಂತಹವನು ತರಬೇತುದಾರ ಮರಳಿ ಬರುವುದು ಬೇಡವೆಂದು ಬಹಿರಂಗವಾಗಿಯೇ ಹೇಳಿದ. ಜಗಳದಲ್ಲಿ ನೋಲನ್ ಅವರ ಪಾಲೇ ಇರಲಿಲ್ಲವೆಂದು ವಾದಿಸುವುದು ಕಷ್ಟ. ಮೇಲಧಿಕಾರಿಯೊಡನೆಯೂ ತಂಡದ ಅತಿ ಮುಖ್ಯ ಆಟಗಾರನೊಡನೆಯೂ ಏಕಕಾಲಕ್ಕೆ ಮನಸ್ತಾಪ ಬೆಳೆದಾಗ ಹೊಣೆ ಪೂರ್ತಿ ಒಂದೇ ಕಡೆಗಿರುವುದು ವಿರಳ.

ಮೊದಲು ಹೋದವರು ಮಕ್ಲರ್. ಕ್ರೀಡಾಪತ್ರಿಕೆಯೊಂದು ಅವರನ್ನು ವರ್ಷದ ಶ್ರೇಷ್ಠ ಆಡಳಿತಗಾರನೆಂದು ಕೊಂಡಾಡಿದ್ದ ವರ್ಷವೇ ಅವರೂ ಹೊರಬಿದ್ದರು. ಹೊಸದಾಗಿ ಬಂದ ಡಾರ್ಸಿ ರೀಗಿಯರ್ ಅವರು ನೋಲನ್ ಮುಂದೆ ಒಂದು ವರ್ಷದ ಕರಾರನ್ನಿಟ್ಟರು. ಆಗಷ್ಟೇ ಲೀಗಿನ ಶ್ರೇಷ್ಠನೆನಿಸಿದವನಿಗೆ ಒಂದು ವರ್ಷ! ಅಷ್ಟು ಚಿಕ್ಕ ಕರಾರಿನ ತರಬೇತುದಾರನನ್ನು ಆಟಗಾರರು ಹೋಗಲಿರುವವನೆಂದೇ ಎಣಿಸುತ್ತಾರೆ. ಆತನ ಮಾತಿಗೆ ತೂಕವಿರುವುದಿಲ್ಲ. ಅದನ್ನು ಅವಮಾನವೆಂದು ಭಾವಿಸಿ ನೋಲನ್ ಒಪ್ಪಲಿಲ್ಲ. ರೀಗಿಯರ್ ಪ್ರಸ್ತಾಪವನ್ನೇ ಹಿಂತೆಗೆದುಕೊಂಡು ಲಿಂಡಿ ರಫ್ ಎಂಬವರನ್ನು ನೇಮಿಸಿದರು. ಕರಾರಿನ ಕಾನೂನಿನಲ್ಲಿ ಇದಕ್ಕೆ ಸಂದೇಹವಿಲ್ಲದ ಉತ್ತರವಿದೆ. ನಿರಾಕರಿಸಿದ ಪ್ರಸ್ತಾಪ ಅಲ್ಲಿಗೇ ಸಾಯುತ್ತದೆ. ಅದನ್ನು ಮತ್ತೆ ಬದುಕಿಸಲು ಪ್ರಸ್ತಾಪ ಇಟ್ಟವನಿಗೆ ಯಾವ ಕಟ್ಟುಪಾಡೂ ಇಲ್ಲ. ಬಫಲೋ ತಂಡ ಯಾವ ನಿಯಮವನ್ನೂ ಮುರಿಯಲಿಲ್ಲ.

ಕಾನೂನಿಗೆ ನಿಲುಕದ ಭಾಗ ಅಲ್ಲಿಂದ ಮುಂದಿನದು. ಒಂದೆರಡು ಪ್ರಸ್ತಾಪಗಳು ಬಂದುವು, ನೋಲನ್ ಒಪ್ಪಲಿಲ್ಲ; ಅದು ಅವರ ತಪ್ಪೆಣಿಕೆಯೆಂದೇ ಹೇಳಬೇಕು. ಆಮೇಲೆ ಫೋನ್ ಬರುವುದೇ ನಿಂತಿತು. ಮ್ಯಾನೇಜರುಗಳ ಕುತ್ತಿಗೆ ಕೊಯ್ಯುವವನು ಎಂಬ ಹಣೆಪಟ್ಟಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಅದಕ್ಕಿಂತ ಕೀಳಾದ ಗಾಳಿಮಾತುಗಳೂ ಹಬ್ಬಿದುವು. ಮೂವತ್ತರಷ್ಟು ತಂಡಗಳಿರುವ ಲೀಗಿನಲ್ಲಿ, ಪ್ರತಿ ವರ್ಷವೂ ಹಲವು ತರಬೇತುದಾರರು ಬದಲಾಗುವಲ್ಲಿ, ಸೋತು ಹೊರಬಿದ್ದವರಿಗೆ ಮತ್ತೆ ಮತ್ತೆ ಕೆಲಸ ಸಿಗುತ್ತಿರುವಲ್ಲಿ, ಗೆದ್ದು ಹೊರಬಿದ್ದ ಒಬ್ಬನಿಗೆ ಮಾತ್ರ ಬಾಗಿಲು ಮುಚ್ಚಿತ್ತು. ಜನಾಂಗದ ಕಾರಣವಿತ್ತೇ? ಇತ್ತೆಂದು ಸಾಬೀತುಪಡಿಸುವ ದಾಖಲೆ ಇಲ್ಲ; ಇಲ್ಲವೆಂದು ಹೇಳಲು ಯಾರೂ ಸಾಕ್ಷಿಕಟ್ಟೆ ಹತ್ತಲಿಲ್ಲ. ನ್ಯಾಯಾಲಯದಲ್ಲಿ ಆರೋಪಿಗೆ ಇರುವ ಮೊದಲ ಹಕ್ಕು ತನ್ನ ಮೇಲಿನ ಆರೋಪವೇನೆಂದು ತಿಳಿಯುವುದು. ಮಾತಿಲ್ಲದೆ ನಡೆಯುವ ಬಹಿಷ್ಕಾರದಲ್ಲಿ ಆ ಹಕ್ಕಿಲ್ಲ. ಗಾಳಿಮಾತಿಗೆ ಪಾಟೀಸವಾಲು ಹಾಕಲು ಬರುವುದಿಲ್ಲ.

ಆ ವರ್ಷಗಳನ್ನು ಅವರು ಹೆಚ್ಚಾಗಿ ಮೂಲನಿವಾಸಿ ಸಮುದಾಯಗಳ ನಡುವೆ ಕಳೆದರು. ಊರಿಂದೂರಿಗೆ ಹೋಗಿ ಮಕ್ಕಳೊಡನೆ ಮಾತಾಡಿದರು, ಆಟ ಕಲಿಸಿದರು. 2004ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ತಾಯಿ ರೋಸ್ ಅವರ ಹೆಸರಿನಲ್ಲಿ ಮೂಲನಿವಾಸಿ ಮಹಿಳೆಯರ ಓದಿಗೆ ನೆರವಾಗುವ ವಿದ್ಯಾರ್ಥಿವೇತನ ಆರಂಭವಾಯಿತು. 2005ರಲ್ಲಿ ಮಂಕ್ಟನ್ ಪಟ್ಟಣದ ಕಿರಿಯರ ತಂಡ ಅವರನ್ನು ಕರೆಯಿತು. ಶ್ರೇಷ್ಠ ತರಬೇತುದಾರನೆನಿಸಿದವನು ಮತ್ತೆ ಹದಿಹರೆಯದವರ ಬಸ್ಸು ಹತ್ತಿದ. ಆ ಚಳಿಗಾಲದಲ್ಲಿ ಶಿಕುಟಿಮಿಯಲ್ಲಿ ನಡೆದ ಪಂದ್ಯದ ವೇಳೆ ಪ್ರೇಕ್ಷಕರಲ್ಲಿ ಕೆಲವರು ಅವರ ಜನಾಂಗವನ್ನು ಅಣಕಿಸಿ ಕೂಗಿದರು. ಕೆನೋರಾ ಮುಗಿದು ಮೂವತ್ತು ವರ್ಷವಾಗಿತ್ತು. ಮಂಕ್ಟನ್ ಆ ವರ್ಷ ಕ್ವಿಬೆಕ್ ಲೀಗನ್ನು ಗೆದ್ದು ಮೆಮೋರಿಯಲ್ ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು.

ಅದರ ಬೆನ್ನಿಗೇ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಕರೆ. ಆ ಸಂಸ್ಥೆಯಲ್ಲಿ ಆ ಬೇಸಗೆ ನಡೆದುದೆಲ್ಲವೂ ವಿಲಕ್ಷಣವೇ. ಹೊಸ ಮ್ಯಾನೇಜರನನ್ನು ಸುಮಾರು ನಲವತ್ತು ದಿನಗಳಲ್ಲಿ ತೆಗೆದು, ತಂಡದ ಎರಡನೆಯ ಗೋಲ್‌ಕೀಪರನನ್ನೇ ಆ ಕುರ್ಚಿಯಲ್ಲಿ ಕೂರಿಸಿದರು. ಮೊದಲನೆಯ ಗೋಲ್‌ಕೀಪರನಿಗೆ ಹದಿನೈದು ವರ್ಷಗಳ ಕರಾರು ಬರೆದುಕೊಟ್ಟರು. ಒಂದು ವರ್ಷದ ಕಾಗದಕ್ಕಾಗಿ ಒಂಬತ್ತು ವರ್ಷ ಕಳೆದುಕೊಂಡ ಮನುಷ್ಯ ಇದನ್ನು ನೋಡಿ ಏನೆಂದುಕೊಂಡರೋ! ಮೊದಲ ಋತುವಿನ ಕೊನೆಯ ದಿನ ಗೆದ್ದು ತಂಡ ಮುಂದಿನ ಸುತ್ತಿಗೆ ಏರಿತು. ಅಲ್ಲಿ ಎದುರಾದ ತಂಡ ಬಫಲೋ, ಸೋಲಿಸಿದ್ದೂ ಬಫಲೋ. ಎರಡನೆಯ ವರ್ಷದ ಬಳಿಕ, 2008ರಲ್ಲಿ, ಮ್ಯಾನೇಜರನೊಡನೆ ಅಭಿಪ್ರಾಯಭೇದವೆಂಬ ಕಾರಣದಿಂದ ಮತ್ತೆ ಹೊರಗೆ.

2011ರಲ್ಲಿ ಕರೆ ಬಂದದ್ದು ಯಾರೂ ಊಹಿಸದ ಕಡೆಯಿಂದ. ಬಾಲ್ಟಿಕ್ ತೀರದ ಲಾಟ್ವಿಯಾ ಸುಮಾರು ಇಪ್ಪತ್ತು ಲಕ್ಷ ಜನರ ದೇಶ. ಸೋವಿಯತ್ ಆಳ್ವಿಕೆಯಿಂದ 1991ರಲ್ಲಿ ಹೊರಬಂದು ತನ್ನ ನುಡಿಯನ್ನು ಮತ್ತೆ ಆಡಳಿತದ ನುಡಿಯಾಗಿಸಿಕೊಂಡ ನಾಡು. ಐಸ್ ಹಾಕಿ ಅಲ್ಲಿಯ ಜನರಿಗೆ ಪಂದ್ಯಕ್ಕಿಂತ ಹೆಚ್ಚು. ರಾಷ್ಟ್ರೀಯ ತಂಡದ ಹೊಣೆ ಹೊತ್ತ ನೋಲನ್ ಅವರಿಗೆ ಲಾಟ್ವಿಯನ್ ಬಾರದು. ಆದರೆ ದೊಡ್ಡವರ ನೆರಳಿನಲ್ಲಿ ಬೆಳೆದ ಚಿಕ್ಕ ಜನಾಂಗದ ಮನಃಸ್ಥಿತಿ ಅವರಿಗೆ ಹೊಸದಲ್ಲ. ತಂಡ 2014ರ ಸೋಚಿ ಚಳಿಗಾಲದ ಒಲಿಂಪಿಕ್ಸಿಗೆ ಅರ್ಹತೆ ಪಡೆಯಿತು. ಅಷ್ಟರಲ್ಲಿ, 2013ರ ನವೆಂಬರಿನಲ್ಲಿ, ಬಫಲೋ ಕೂಡ ಅವರನ್ನು ತಾತ್ಕಾಲಿಕ ತರಬೇತುದಾರನನ್ನಾಗಿ ಮರಳಿ ಕರೆಸಿಕೊಂಡಿತ್ತು. ಹೀಗಾಗಿ ಎರಡು ಖಂಡಗಳಲ್ಲಿ ಎರಡು ತಂಡಗಳನ್ನು ಅವರು ಏಕಕಾಲಕ್ಕೆ ನಡೆಸುತ್ತಿದ್ದರು.

ಸೋಚಿಯಲ್ಲಿ ಲಾಟ್ವಿಯಾ ಗುಂಪಿನ ಮೂರೂ ಪಂದ್ಯಗಳನ್ನು ಸೋತಿತು. ಆದರೂ ನಿಯಮದಂತೆ ಇನ್ನೊಂದು ಅವಕಾಶವಿತ್ತು. ಅದರಲ್ಲಿ ಸ್ವಿಟ್ಜರ್‌ಲೆಂಡನ್ನು 3-1ರಿಂದ ಸೋಲಿಸಿ ಎಂಟರ ಘಟ್ಟಕ್ಕೆ ಬಂದಿತು. ಫೆಬ್ರವರಿ 19ರಂದು ಎದುರಿಗೆ ನಿಂತದ್ದು ಕೆನಡಾ. ಹಿಂದಿನ ಒಲಿಂಪಿಕ್ಸಿನ ಚಿನ್ನದ ತಂಡ, ಲಕ್ಷಾಂತರ ಡಾಲರುಗಳ ಆಟಗಾರರ ದಂಡು. ನೋಲನ್ ಗೋಲಿನಲ್ಲಿ ನಿಲ್ಲಿಸಿದ್ದು ಕ್ರಿಸ್ಟರ್ಸ್ ಗುಡ್ಲೆವ್‌ಸ್ಕಿಸ್ ಎಂಬ 21ರ ಹುಡುಗನನ್ನು. ಉನ್ನತ ಲೀಗಿನಲ್ಲಿ ಆತ ಒಂದು ಪಂದ್ಯವನ್ನೂ ಆಡಿರಲಿಲ್ಲ. ಮೊದಲ ಅವಧಿಯಲ್ಲಿ ಕೆನಡಾ ಗೋಲು ಹೊಡೆಯಿತು. ಎರಡು ನಿಮಿಷಗಳಲ್ಲಿ ಲಾರಿಸ್ ದಾರ್ಜಿನ್ಶ್ ಅದನ್ನು ಸಮ ಮಾಡಿದ. ಅಲ್ಲಿಂದ ಮುಂದೆ ಕೆನಡಾ ಹೊಡೆದುದೆಲ್ಲವನ್ನೂ ಹುಡುಗ ತಡೆದ. ಕಾಲಿನಿಂದ, ಕೈಯಿಂದ, ಎದೆಯಿಂದ, ಕೊನೆಗೆ ಬಿದ್ದಲ್ಲಿಂದಲೇ ತಡೆದ. ಎರಡನೆಯ ಅವಧಿ ಮುಗಿದಾಗಲೂ 1-1. ಪಂದ್ಯಕ್ಕೆ ಏಳು ನಿಮಿಷಗಳಷ್ಟೇ ಉಳಿದಿರುವಾಗ, ಲಾಟ್ವಿಯಾದ ಒಬ್ಬ ಆಟಗಾರ ಶಿಕ್ಷೆಗೊಳಗಾಗಿ ಹೊರಗಿದ್ದ ಹೊತ್ತಿನಲ್ಲಿ, ಶೇ ವೆಬರ್ ಹೊಡೆದ ಪಕ್ ಬಲೆ ಸೇರಿತು. ಕೆನಡಾ 2, ಲಾಟ್ವಿಯಾ 1. ಕೆನಡಾ ಗೋಲಿನತ್ತ ಹೊಡೆದದ್ದು 57 ಬಾರಿ. ಗುಡ್ಲೆವ್‌ಸ್ಕಿಸ್ ತಡೆದದ್ದು 55. ಲಾಟ್ವಿಯಾ ಹೊಡೆದದ್ದು 16 ಬಾರಿಯಷ್ಟೇ. ಕೆನಡಾ ಮುಂದೆ ಚಿನ್ನವನ್ನೂ ಗೆದ್ದಿತು. ಆದರೆ ಆ ಒಲಿಂಪಿಕ್ಸಿನಲ್ಲಿ ಅದು ನಿಜವಾಗಿ ಬೆವತದ್ದು ಎಲ್ಲಿ ಎಂದು ಹಾಕಿ ಬಲ್ಲವರನ್ನು ಕೇಳಿದರೆ ಈ ಪಂದ್ಯವನ್ನೇ ನೆನೆಯುವವರು ಬಹಳ.

ಬಫಲೋದ ಎರಡನೆಯ ಅಧ್ಯಾಯ ಸುಖದ್ದಲ್ಲ. 2014ರ ಮಾರ್ಚಿನಲ್ಲಿ ಮೂರು ವರ್ಷಗಳ ಕರಾರು ಸಿಕ್ಕಿತು. ಹದಿನೇಳು ವರ್ಷ ಹಿಂದೆ ಕೇಳಿದ್ದು ಕೊನೆಗೂ ಕೈಗೆ ಬಂದಿತ್ತು. ಕೊನೆಯ ಸ್ಥಾನದಲ್ಲಿರುವ ತಂಡಕ್ಕೆ ಮರುವರ್ಷದ ಶ್ರೇಷ್ಠ ಹುಡುಗನನ್ನು ಆರಿಸುವ ಅವಕಾಶ ಹೆಚ್ಚು ಎಂಬ ಲೀಗಿನ ನಿಯಮದಿಂದಾಗಿ, ಸೋಲುವುದೇ ಲಾಭವೆಂಬ ಲೆಕ್ಕಾಚಾರ ಆ ತಂಡದಲ್ಲಿದೆಯೆಂದು ಪತ್ರಿಕೆಗಳು ಬಹಿರಂಗವಾಗಿಯೇ ಬರೆದುವು. ದುಡಿಸಿ ಗೆಲ್ಲಿಸುವುದನ್ನೇ ಬಂಡವಾಳ ಮಾಡಿಕೊಂಡ ತರಬೇತುದಾರನಿಗೆ ಇದಕ್ಕಿಂತ ಅನುಚಿತವಾದ ಹುದ್ದೆ ಇರಲಾರದು. ತಂಡ ಲೀಗಿನಲ್ಲಿ ಕೊನೆಯದಾಯಿತು. 2015ರ ಏಪ್ರಿಲಿನಲ್ಲಿ ಅವರನ್ನು ತೆಗೆದರು. 2017ರಲ್ಲಿ ಪೋಲೆಂಡಿನ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ಅಲ್ಲಿ ಯಶಸ್ಸು ಒಲಿಯಲಿಲ್ಲ.

ನೋಲನ್ ದಂಪತಿಗಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಬ್ರ್ಯಾಂಡನ್ ಉನ್ನತ ಲೀಗಿನಲ್ಲಿ ಆರು ಪಂದ್ಯ ಆಡಿದ ಮೇಲೆ ತಲೆಗೆ ಬಿದ್ದ ಪೆಟ್ಟಿನಿಂದ ಆಟ ನಿಲ್ಲಿಸಬೇಕಾಯಿತು. ಕಿರಿಯ ಜೋರ್ಡನ್ 2012ರಲ್ಲಿಯೂ 2014ರಲ್ಲಿಯೂ ಲಾಸ್ ಏಂಜಲಿಸ್ ಕಿಂಗ್ಸ್ ತಂಡದ ಜೊತೆ ಸ್ಟ್ಯಾನ್ಲಿ ಕಪ್ ಗೆದ್ದ. ತಂದೆಗೆ ಆಟಗಾರನಾಗಿಯಾಗಲಿ ತರಬೇತುದಾರನಾಗಿಯಾಗಲಿ ದಕ್ಕದ ಕಪ್ ಅದು. ಮೂವರೂ ಸೇರಿ ತಮ್ಮದೇ ಹಾಕಿ ಶಾಲೆಯೊಂದನ್ನು ಕಟ್ಟಿದ್ದಾರೆ. ಅದಕ್ಕೆ ಕಟ್ಟಡವಿಲ್ಲ, ಮೂಲನಿವಾಸಿಗಳ ಊರುಗಳಿಗೆ ಇವರೇ ಹೋಗಿ ಶಿಬಿರ ನಡೆಸುತ್ತಾರೆ. ಮಕ್ಕಳು ದೂರದ ಪಟ್ಟಣಕ್ಕೆ ಹೋಗಿ ಒಂಟಿಯಾಗಿ ಕಲಿಯಬೇಕಾದುದನ್ನು ಅವರವರ ಊರಿನಲ್ಲಿಯೇ, ಅವರವರ ಜನರ ನಡುವೆಯೇ ಕಲಿಸುತ್ತಾರೆ.

ಸ್ಟ್ಯಾನ್ಲಿ ಕಪ್ ಗೆದ್ದ ಪ್ರತಿಯೊಬ್ಬ ಆಟಗಾರನಿಗೂ ಅದನ್ನು ಒಂದು ದಿನದ ಮಟ್ಟಿಗೆ ತನಗೆ ಬೇಕಾದಲ್ಲಿಗೆ ಒಯ್ಯುವ ಹಕ್ಕಿದೆ. ಬೆಳ್ಳಿಯ ಬೋಗುಣಿಯೂ ಅದರ ಕೆಳಗೆ ಗೆದ್ದವರ ಹೆಸರು ಕೆತ್ತಿದ ಪಟ್ಟಿಗಳೂ ಸೇರಿ ಅದು ಹದಿನೈದು ಕಿಲೋಗ್ರಾಮಿಗೂ ಮಿಕ್ಕಿದ ಭಾರ. 2012ರಲ್ಲಿ ತನ್ನ ಪಾಲಿನ ದಿನ ಬಂದಾಗ ಜೋರ್ಡನ್ ನೋಲನ್ ಅದನ್ನು ಒಯ್ದದ್ದು ಗಾರ್ಡನ್ ರಿವರಿಗೆ. ಅವನ ತಂದೆ ಬಾಲ್ದಿಯಲ್ಲಿ ನೀರು ಹೊತ್ತ ಊರಿಗೆ.